ಬದುವಿನ ಏಡಿ ಎಲ್ಲಿಗೆ ಹೋಯಿತು?

ಪಶ್ಚಿಮ ಘಟ್ಟದಲ್ಲಿ ಹೊಸ ಏಡಿ ಸಿಕ್ಕಿತು ಅಂತ ಪೇಪರಿನಲ್ಲಿ ಆಗಾಗ ಓದುತ್ತೇವೆ. ಇತ್ತ ಕಲಘಟಗಿ, ಹಾನಗಲ್ ಕಡೆ ಹಿರಿಯರನ್ನು ಕೇಳಿದರೆ ಗದ್ದೆಯಲ್ಲಿ ಏಡಿ ಕಾಣದೆ ಎಷ್ಟೋ ವರ್ಷ ಆಯಿತು ಅನ್ನುತ್ತಾರೆ. ಎರಡೂ ಮಾತು ನಿಜ. ಅವು ಬೇರೆ ಬೇರೆ ಏಡಿಗಳ ಮಾತು, ಅಷ್ಟೇ.

ದಖ್ಖನ್ನಿನ ದೊಡ್ಡ ಏಡಿಗೆ 1836ರಲ್ಲೇ ವಿಜ್ಞಾನದ ಹೆಸರು ಬಿದ್ದಿತ್ತು. ಈಗ ಅದು ಬ್ಯಾರಿಟೆಲ್ಫುಸಾ ಕ್ಯುನಿಕ್ಯುಲಾರಿಸ್. 1910ರಲ್ಲಿ ಪ್ರಾಣಿಶಾಸ್ತ್ರಜ್ಞ ಆಲ್ಕಾಕ್ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದ್ದ ಸಿಹಿನೀರಿನ ಏಡಿಗಳ ಪಟ್ಟಿ ಮಾಡಿದರು. ಅಲ್ಲಿಂದ ಜಿಗಿದರೆ 2014: ಘಟ್ಟದ ಹೆಸರಲ್ಲೇ ಘಾಟಿಯಾನಾ ಎಂಬ ಹೊಸ ಕುಲ, ಅಂದರೆ ಹತ್ತಿರದ ಬಗೆಗಳ ಗುಂಪು. 2022ರಲ್ಲಿ ಯಲ್ಲಾಪುರದಿಂದ ಅದೇ ಕುಲದ ಹೊಸ ಬಗೆ ಘಾಟಿಯಾನಾ ದ್ವಿವರ್ಣ ಬಂತು.

ಘಟ್ಟದಲ್ಲಿ ಇಷ್ಟೊಂದು ಬಗೆ ಯಾಕೆ? ಸಮುದ್ರದ ಏಡಿಯ ಮರಿ ನೀರಲ್ಲಿ ತೇಲಿ ದೂರ ಹೋಗುತ್ತದೆ. ಸಿಹಿನೀರಿನ ತಾಯಿ ಏಡಿಯ ಹೊಟ್ಟೆಯ ಮಡಿಕೆ ಮೆಲ್ಲಗೆ ಬಿಡಿಸಿ ನೋಡಿ. ಜೋಳದ ಕಾಳಿನಷ್ಟು ಮರಿಗಳು, ಆಗಲೇ ಕಾಲು, ಕೊಂಡಿ ಎಲ್ಲ ಮೂಡಿರುತ್ತವೆ. ತಾಯಿ ಬಿಟ್ಟ ಜಾಗದ ಸುತ್ತಲೇ ಅವುಗಳ ಬದುಕು. ಹೀಗೆ ಹಳ್ಳಕ್ಕೊಂದು ಬಗೆ ಆಗಿಬಿಡುತ್ತದೆ. ಆ ಹಳ್ಳ ಕೆಟ್ಟರೆ ಬೇರೆ ಕಡೆಯಿಂದ ಬಂದು ತುಂಬುವವರಿಲ್ಲ.

ಗದ್ದೆ ಏಡಿಯ ಕಥೆ ಬೇರೆ. ಕೂರಿಗೆಯಲ್ಲಿ ಭತ್ತ ಬಿತ್ತುತ್ತಿದ್ದ ಕಾಲಕ್ಕೆ ಮಿರಗದ ಮಳೆ ಬಿದ್ದ ರಾತ್ರಿ ಏಡಿಗಳು ಬಿಲದಿಂದ ಹೊರಗೆ ಬರುತ್ತಿದ್ದವು. ಹುಡುಗರು ಬ್ಯಾಟರಿ ಹಿಡಿದು ಹೋಗುತ್ತಿದ್ದರು. ಕುಟ್ಟಿ, ಸೋಸಿ, ಮೆಣಸು ಹಾಕಿ ಮಾಡಿದ ಸಾರು ನೆಗಡಿಗೆ ಒಳ್ಳೆಯದು ಅಂತ ಮನೆಮನೆಯ ನಂಬಿಕೆ. ಬದು ತೂತು ಮಾಡಿ ನೀರು ಸೋರಿಸುತ್ತವೆ ಅಂತ ಬೈದದ್ದೂ ಉಂಟು. ಆಮೇಲೆ ಮಳೆ ನಂಬುವ ಹಾಗಿಲ್ಲ, ಆಳು ಸಿಗಲ್ಲ, ಭತ್ತಕ್ಕೆ ಖರ್ಚು ಜಾಸ್ತಿ. ಗದ್ದೆಗೆ ಗೋವಿನಜೋಳ ಬಂತು. ನೀರು ನಿಲ್ಲುವುದು ನಿಂತಿತು. ಬದು ಸಣ್ಣದಾಯಿತು, ಕಳೆಗೆ ಔಷಧ ಹೊಡೆಯುವುದು ರೂಢಿ ಆಯಿತು. ಯಾವ ರೈತನೂ ಏಡಿ ಹೋಗಲಿ ಅಂತ ಇದನ್ನೆಲ್ಲ ಮಾಡಲಿಲ್ಲ, ಅಲ್ವಾ?

ಹೊಸ ಏಡಿ ಸಿಕ್ಕರೆ ಫೋಟೊ ಬರುತ್ತದೆ, ಬರಲೇಬೇಕು. ಆದರೆ ಎಲ್ಲರಿಗೂ ಗೊತ್ತಿದ್ದ ಏಡಿ ಯಾವ ಊರಲ್ಲಿ ಉಳಿದಿದೆ, ಯಾವ ಊರಲ್ಲಿ ಇಲ್ಲ ಅಂತ ಬರೆದಿಡುವುದೂ ಅಷ್ಟೇ ದೊಡ್ಡ ಕೆಲಸ. ಅದಕ್ಕೆ ಮ್ಯೂಸಿಯಂ ಬೇಕಿಲ್ಲ. ಮಳೆಗಾಲದಲ್ಲಿ ಕೆರೆಯ ಕೆಳಗಿನ ಗದ್ದೆಯ ಬದು ಹಿಡಿದು ನಡೆದರೆ ಸಾಕು. ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆ ಬಿದ್ದಿದ್ದರೆ ಒಳಗೆ ಏಡಿ ಇದೆ.