ಬಾಗ್ ಫಿಲ್ಟರ್‌ನಲ್ಲಿ ಜಲ್ಲಿ ಮೇಲೆ ನೀರು ನಿಂತ್ರೆ ಏನ್ಮಾಡೋದು?

ಓದುಗರ ಪ್ರಶ್ನೆ: ಸರ್, ನಮ್ಮದು ಬೆಂಗಳೂರು. ಹಿತ್ತಲಲ್ಲಿ 10 ಅಡಿ ಉದ್ದ 6 ಅಡಿ ಅಗಲದ ಪಾಂಡ್ ಇದೆ, ಎರಡೂವರೆ ಅಡಿ ಆಳ, ಕೊಯ್ ಮೀನು ಮತ್ತೆ ಗಪ್ಪಿ ಇವೆ. ಪಕ್ಕದಲ್ಲೇ ಸ್ವಲ್ಪ ಎತ್ತರದಲ್ಲಿ 6 ಅಡಿ 3 ಅಡಿ ತೊಟ್ಟಿ ಕಟ್ಟಿಸಿ ಒಂದಡಿ ಜಲ್ಲಿ ತುಂಬಿ, ಗಿಡ ನೆಟ್ಟು ಬಾಗ್ ಫಿಲ್ಟರ್ ಮಾಡಿದೀವಿ, ಪಾಂಡ್ ನೀರು ಪಂಪಲ್ಲಿ ಅದರ ತಳಕ್ಕೆ ಹೋಗಿ, ಜಲ್ಲಿ ಮೂಲಕ ಸೋಸ್ಕೊಂಡು ಮೇಲೆ ಬಂದು ವಾಪಸ್ ಪಾಂಡ್‌ಗೆ ಬೀಳುತ್ತೆ. ಮೊದಮೊದಲು ಮೇಲ್ಗಡೆ ಜಲ್ಲಿ ಒಣಗಿರ್ತಿತ್ತು, ಈಗ ಒಂದಿಂಚು ನೀರು ನಿಂತೇ ಇರುತ್ತೆ, ಪಾಚಿ ಕಟ್ಟಿದೆ, ಸೊಳ್ಳೆಮರಿನೂ ಕಾಣ್ತಿವೆ. ಇನ್ನೊಂದಿಷ್ಟು ಜಲ್ಲಿ ಹಾಕಿಸ್ಬಿಟ್ರೆ ಸರಿಹೋಗುತ್ತಾ?

ಉತ್ತರ: ಜಲ್ಲಿ ತರಿಸ್ಬೇಡಿ, ಸದ್ಯಕ್ಕಂತೂ ಬೇಡ. ಕಾರಣ ಗೊತ್ತಾಗದೆ ಮೇಲೆ ಜಲ್ಲಿ ಸುರಿದ್ರೆ ನೀರು ಕಣ್ಣಿಗೆ ಕಾಣಲ್ಲ ಅಷ್ಟೆ, ಒಳಗಿನ ತೊಂದ್ರೆ ಹಂಗೇ ಇರುತ್ತೆ, ಆಮೇಲೆ ತೆಗೆಯೋವಾಗ ಎರಡರಷ್ಟು ಕೆಲಸ.

ಮೊದಲು ಎಷ್ಟಿರ್ಬೇಕು ಅನ್ನೋದು ಹೇಳ್ಬಿಡ್ತೀನಿ. ಪಂಪ್ ಓಡ್ತಿರೋವಾಗ ನೀರು ಎಲ್ಲಿಗೆ ನಿಲ್ಲುತ್ತೋ ಅದಕ್ಕಿಂತ ಒಂದರಿಂದ ಎರಡಿಂಚು ಮೇಲೆ ಜಲ್ಲಿ ಇರ್ಬೇಕು. ಹೊರದೇಶದ ವಿಡಿಯೋಗಳಲ್ಲಿ ಕೆಲವರು ಜಲ್ಲಿ ಮೇಲೆ ತೆಳ್ಳಗೆ ನೀರು ಹರಿಸ್ತಾರೆ, ನೋಡೋಕೆ ಚೆಂದ, ಅವರ ಚಳಿ ದೇಶದಲ್ಲಿ ನಡೆಯುತ್ತೇನೋ, ನಮ್ಮಲ್ಲಿ ಅದು ಸೊಳ್ಳೆಗೆ ನಾವೇ ಮಾಡಿಕೊಟ್ಟ ಮನೆ. ಪಾಂಡ್‌ನಲ್ಲಿ ಗಪ್ಪಿ ಇದೆ ಸರ್ ಅಂತೀರಿ, ಪಾಂಡ್‌ನಲ್ಲಿ ಸರಿ, ಜಲ್ಲಿ ಸಂದಿನಲ್ಲಿರೋ ಒಂದಿಂಚು ನೀರಿಗೆ ಗಪ್ಪಿ ಹೋಗಲ್ಲವಲ್ಲ. 2024ರಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟೋ ಹಾಗೆ ನೀರು ನಿಲ್ಲಿಸಿದ್ರೆ ಮನೆಯವರಿಗೂ ದಂಡ ಅಂತ ಮಾಡಿದೆ, ಅದೂ ನೆನಪಿರಲಿ.

ಈಗ ಬಾಗ್ ಒಳಗೆ ನೀರಿನ ಮಟ್ಟನ ಯಾರು ತೀರ್ಮಾನ ಮಾಡೋದು? ಜಲ್ಲಿಯಲ್ಲ, ಪಾಂಡ್‌ನ ಮಟ್ಟನೂ ಅಲ್ಲ. ಕೆರೆಗೆ ಕೋಡಿ ಇದ್ದಂಗೆ ಬಾಗ್‌ಗೂ ಒಂದು ಕೋಡಿ ಇರುತ್ತೆ, ಅಂದ್ರೆ ನೀರು ವಾಪಸ್ ಪಾಂಡ್‌ಗೆ ಬೀಳೋ ಆ ಬಾಯಿ. ಅದರ ಅಂಚು ಎಲ್ಲಿದೆಯೋ ಅಲ್ಲಿಗೆ ನೀರು. ಪಾಂಡ್ ಅರ್ಧ ಖಾಲಿಯಾದ್ರೂ ಪಂಪ್ ಓಡ್ತಿರೋವರೆಗೆ ಬಾಗ್ ತುಂಬೇ ಇರುತ್ತೆ. ಜನ ತಪ್ಪೋದು ಎಲ್ಲಿ ಅಂದ್ರೆ, ನೀರು ಹರಿಯೋವಾಗ ಅಂಚಿನ ಮಟ್ಟಕ್ಕೇ ನಿಲ್ಲಲ್ಲ, ಅದರ ಮೇಲೆ ಒಂದಿಷ್ಟು ಏರಿಕೊಂಡೇ ಹರಿಯುತ್ತೆ, ಎಷ್ಟು ಏರುತ್ತೆ ಅನ್ನೋದು ಬಾಯಿಯ ಅಗಲದ ಮೇಲೆ. ಗಂಟೆಗೆ 4000 ಲೀಟರ್ ನೀರು ಒಂದಡಿ ಅಗಲದ ಬಾಯಲ್ಲಿ ಹೋದ್ರೆ ಸುಮಾರು ಒಂದೂವರೆ ಸೆಂಟಿಮೀಟರ್ ಏರುತ್ತೆ, ಅದೇ ನೀರನ್ನ ಅರ್ಧ ಅಡಿ ಬಾಯಲ್ಲಿ ಕಳಿಸಿದ್ರೆ ಎರಡೂವರೆ ಸೆಂಟಿಮೀಟರ್, ಅಂದ್ರೆ ಹತ್ರಹತ್ರ ಒಂದಿಂಚು. ಬಾಯಿ ಬದಲು ಎರಡಿಂಚು ಪೈಪ್ ಇಟ್ಟು ಮೇಸ್ತ್ರಿ ಕೈ ತೊಳ್ಕೊಂಡಿದ್ರಂತೂ ಮುಗೀತು, ಒಂದು ಎಲೆ ಅಡ್ಡ ಬಂದ್ರೆ ಸಾಕು ನೀರು ಮೇಲೆ ಬಂತು. ಪಂಪ್ ಡಬ್ಬದ ಮೇಲೆ ಬರೆದಿರೋ ಲೀಟರ್ ನಂಬ್ಕೊಂಡು ಲೆಕ್ಕ ಹಾಕ್ಬೇಡಿ, ಅದು ಎತ್ತರಕ್ಕೆ ಎತ್ತದೇ ಇದ್ದಾಗಿನ ಲೆಕ್ಕ. ಬಾಗ್‌ಗೆ ಬರೋ ಪೈಪನ್ನ ಅದೇ ಎತ್ತರದಲ್ಲಿ 20 ಲೀಟರ್ ಬಕೆಟ್‌ಗೆ ಹಿಡೀರಿ, 18 ಸೆಕೆಂಡಲ್ಲಿ ತುಂಬಿದ್ರೆ ಗಂಟೆಗೆ 4000 ಲೀಟರ್.

ಇನ್ನು ನಿಮ್ಮ ವಿಷಯ. ನೀರು ಎಲ್ಲಿ ನಿಂತಿದೆ ಅಂತ ಸರಿಯಾಗಿ ನೋಡಿ.

ಇಡೀ ತೊಟ್ಟಿ ತುಂಬ ಒಂದೇ ಸಮ ಒಂದಿಂಚು ನಿಂತಿದ್ರೆ ತೊಂದ್ರೆ ಇರೋದು ಕೋಡಿಯಲ್ಲಿ, ಇಲ್ಲಾ ಜಲ್ಲಿ ಕೂತಿದೆ. ಕೋಡಿ ಹತ್ರ ಕೈ ಹಾಕಿ ನೋಡಿ, ಕ್ಯಾನಾ, ಕೆಸು ಇವೆರಡರ ಬೇರು ನೀರು ಹರಿಯೋ ಕಡೆಗೇ ನುಗ್ಗಿ ಚಾಪೆ ತರ ಹೆಣ್ಕೊಂಡಿರುತ್ತೆ, ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ. ಕುಡುಗೋಲಲ್ಲಿ ಕತ್ತರಿಸಿ ತೆಗೀರಿ, ಕೋಡಿಯಿಂದ ಒಂದಡಿ ದೂರದವರೆಗೆ ಗಿಡನೇ ಇಡ್ಬೇಡಿ. ಬೇರು ತೆಗೆದ ಅರ್ಧ ಗಂಟೆಯಲ್ಲಿ ನೀರು ಇಳೀತು ಅಂದ್ರೆ ನಿಮ್ಮ ಪ್ರಶ್ನೆ ಅಲ್ಲಿಗೆ ಮುಗೀತು. ಇಳೀಲಿಲ್ಲ ಅಂದ್ರೆ ಜಲ್ಲಿ ಕೂತಿರೋದು, ಹೊಸದಾಗಿ ತುಂಬಿದ ಜಲ್ಲಿ ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ಕೆಳಗೆ ಇಳಿಯೋದು ಸಹಜ, ಆಗ ಮಾತ್ರ ಮೇಲೆ ಜಲ್ಲಿ ಸೇರಿಸಿ, ಹಾಕಿಸ್ಲಾ ಅಂತ ಕೇಳಿದ್ರಲ್ಲ, ಈ ಒಂದು ಸಂದರ್ಭಕ್ಕೆ ಹೌದು.

ಒಂದು ಮೂಲೆಯಲ್ಲಿ ಮಾತ್ರ ನೀರು ನಿಂತು ಇನ್ನೊಂದು ಕಡೆ ಒಣಗಿದ್ರೆ ಎರಡು ಕಾರಣ ಇರಬಹುದು. ಒಂದು, ಮೇಲ್ಗಡೆ ಜಲ್ಲಿ ಸಮ ಇಲ್ಲ. ಮೇಸ್ತ್ರಿಗಳ ಹತ್ರ ಲೆವೆಲ್ ಪೈಪ್ ಇರುತ್ತಲ್ಲ, ಅದರಲ್ಲಿ ನಾಲ್ಕೂ ಮೂಲೆ ನೋಡಿ, ತೊಟ್ಟಿನೇ ಒಂದು ಕಡೆ ಕುಸಿದಿದ್ರೂ ಅದರಲ್ಲೇ ಗೊತ್ತಾಗುತ್ತೆ. ಎರಡನೇದು, ಪಂಪಿನ ನೀರು ಒಳಗೆ ಬರೋ ಕಡೆ ಜಲ್ಲಿ ಕಟ್ಕೊಂಡಿದೆ, ನೀರು ಅಡ್ಡಕ್ಕೆ ಹರಡೋಕಾಗದೆ ಅಲ್ಲೇ ಮೇಲಕ್ಕೆ ಉಕ್ಕಿ ಜಲ್ಲಿ ಮೇಲೇ ಓಡ್ತಾ ಕೋಡಿ ಸೇರ್ತಿದೆ. ಇದು ಆಗಿದ್ರೆ ಫಿಲ್ಟರ್ ಕೆಲಸ ನಿಂತಂಗೇ ಲೆಕ್ಕ. ಯಾಕಂದ್ರೆ ಮೀನಿನ ಗಲೀಜಿಂದ ಬರೋ ಅಮೋನಿಯಾನ ನೈಟ್ರೈಟ್ ಮಾಡಿ, ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಕೂತಿರೋದು ಜಲ್ಲಿಯ ಮೈಮೇಲೆ, ಗಿಡಗಳು ಆ ನೈಟ್ರೇಟ್ ತಿಂತಾವೆ. ನೀರು ಜಲ್ಲಿ ಒಳಗೇ ಹೋಗದೆ ಮೇಲೆ ಮೇಲೆ ಹೋದ್ರೆ ಯಾರಿಗೂ ಊಟ ಇಲ್ಲ. ಒಂದು ಕೋಲು ಚುಚ್ಚಿ ಜಲ್ಲಿ ಅಲ್ಲಾಡಿಸಿ ನೋಡಿ, ಕಪ್ಪು ರಾಡಿ ಬಂದು ಕೊಳೆತ ಮೊಟ್ಟೆ ವಾಸನೆ ಹೊಡೆದ್ರೆ ಒಳಗೆ ಆಮ್ಲಜನಕ ಇಲ್ಲ ಅಂತ ಅರ್ಥ.

ಕಟ್ಕೊಳ್ಳೋದಕ್ಕೆ ಮುಕ್ಕಾಲು ಪಾಲು ಕಾರಣ ತುಂಬೋವಾಗಲೇ ಆಗಿರುತ್ತೆ. ಕೆಳಗೆ 40 ಎಂಎಂ, ನಡುವೆ 20 ಎಂಎಂ, ಮೇಲೆ ಮರಳು, ಅದರ ಮೇಲೆ ಇದ್ದಿಲು ಅಂತ ಪದರ ಪದರ ಹಾಕಿಸ್ತಾರಲ್ಲ, ಅದು ಮಳೆನೀರು ಸೋಸೋ ತೊಟ್ಟಿಗೆ ಮಾಡೋ ಪದ್ಧತಿ, ಅಲ್ಲಿ ನೀರು ಮೇಲಿಂದ ಕೆಳಗೆ ಇಳಿಯುತ್ತೆ, ಮೇಲಿನ ಮರಳನ್ನ ಕೆರೆದು ತೊಳೀಬಹುದು. ಬಾಗ್‌ನಲ್ಲಿ ನೀರು ಕೆಳಗಿಂದ ಮೇಲೆ ಬರೋದು. ಮರಳಿದ್ರೆ ಗಲೀಜು ಮರಳಿನ ಅಡಿಗೆ ಬಂದು ಹೆಪ್ಪುಗಟ್ಟುತ್ತೆ, ದೊಡ್ಡ ಕಲ್ಲಿನ ಸಂದಿಯಲ್ಲಿ ರಾಡಿ ತುಂಬ್ಕೊಳ್ಳುತ್ತೆ, ತೆಗೆಯೋಕೆ ದಾರಿ ಇಲ್ಲ. ನನ್ನ ಕೇಳಿದ್ರೆ ತಳದಿಂದ ಮೇಲಿನವರೆಗೆ ಒಂದೇ ಸೈಜು, 10ರಿಂದ 12 ಎಂಎಂ, ನಮ್ಮ ಕಡೆ ಅರ್ಧ ಇಂಚು ಜಲ್ಲಿ ಅಂದ್ರೆ ಸಿಗುತ್ತೆ. ಹೊಳೆಯ ಗುಂಡುಕಲ್ಲು ಸಿಕ್ಕಿದ್ರೆ ಇನ್ನೂ ಒಳ್ಳೇದು, ಮೂಲೆ ಇಲ್ಲದ್ದಕ್ಕೆ ಗಿಡ ಕೀಳೋವಾಗ ಕೈ ತರಚಲ್ಲ, ಆದ್ರೆ ಅದಕ್ಕೇ ಅಂತ ದುಡ್ಡು ಸುರಿಯೋ ಅಗತ್ಯ ಇಲ್ಲ. ಬೆಂಗಳೂರಲ್ಲಿ ಸಿಗೋ ಗ್ರಾನೈಟ್ ಜಲ್ಲಿ ಸಾಕು. ಸುಣ್ಣಕಲ್ಲಿನ ಜಲ್ಲಿಯಾದ್ರೆ, ಶಹಾಬಾದ್ ಕಲ್ಲಿನ ಚೂರು ಅಂಥದ್ದೆಲ್ಲ, ನೀರಿನ ಗಡಸುತನ ಏರುತ್ತೆ, ಬೋರ್‌ವೆಲ್ ನೀರು ಮೊದಲೇ ಗಡಸು. ಅನುಮಾನ ಇದ್ರೆ ಒಂದು ಕಲ್ಲಿನ ಮೇಲೆ ವಿನಿಗರ್ ಹಾಕಿ, ಬುರುಗು ಎದ್ರೆ ಬೇಡ.

ಮತ್ತೆ ತೊಳೆಯೋದು. ಕ್ರಷರ್‌ನಿಂದ ಬರೋ ಜಲ್ಲಿ ತುಂಬ ಪುಡಿ ಇರುತ್ತೆ, ಲಾರಿಯಿಂದ ಇಳಿಸಿದ್ದನ್ನ ಹಂಗೇ ತುಂಬಿದ್ರೆ ಪಾಂಡ್ ವಾರಗಟ್ಟಲೆ ಬೆಳ್ಳಗೆ ಇರುತ್ತೆ, ಆ ಪುಡಿನೇ ಆಮೇಲೆ ಕೆಸರಾಗಿ ತಳ ಸೇರೋದು. ಜರಡಿಗೆ ಒಂದೊಂದೇ ಬಾಂಡ್ಲಿ ಹಾಕಿ ಪೈಪ್ ಹಿಡಿದು ತಿಳಿನೀರು ಬರೋವರೆಗೆ ತೊಳೀಬೇಕು, ಬೇಜಾರಿನ ಕೆಲಸ, ಆದ್ರೆ ತಪ್ಪಿಸೋಕೆ ಆಗಲ್ಲ. ನಿಮ್ಮ ತೊಟ್ಟಿಗೆ ಜಲ್ಲಿ 18 ಸಿಎಫ್‌ಟಿ, ಅಂದ್ರೆ ಘನ ಅಡಿ, ತೂಕ ಮುಕ್ಕಾಲು ಟನ್ ಆಸುಪಾಸು (ಟೆರೇಸ್ ಮೇಲೆ ಮಾಡೋಣ ಅಂದ್ಕೊಂಡಿರೋ ಓದುಗರು ಈ ಸಾಲನ್ನ ಇನ್ನೊಂದ್ಸಲ ಓದ್ಕೊಳ್ಳಿ).

ಈಗಾಗ್ಲೇ ಕಟ್ಕೊಂಡಿದ್ರೆ ಎಲ್ಲಾ ಅಗೀಬೇಕಾ? ತಳದವರೆಗೆ ನಿಲ್ಲಿಸಿದ ನಾಲ್ಕಿಂಚಿನೋ ಆರಿಂಚಿನೋ ಪಿವಿಸಿ ಪೈಪ್ ಒಂದು ಮೂಲೇಲಿ ಇದ್ರೆ ಬೇಕಾಗಲ್ಲ, ಪಂಪ್ ನಿಲ್ಲಿಸಿ ಅದರೊಳಗೆ ಚಿಕ್ಕ ಸಬ್‌ಮರ್ಸಿಬಲ್ ಪಂಪ್ ಇಳಿಸಿ ರಾಡಿ ನೀರನ್ನ ಹೊರಗೆ ಎಳೀರಿ, ಮೇಲಿಂದ ಪಾಂಡ್ ನೀರು ಹಾಯಿಸ್ತಾ ಕೋಲಲ್ಲಿ ಜಲ್ಲಿ ಕೆದಕಿ. ನಲ್ಲಿ ನೀರು ಹಾಯಿಸ್ಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯ್ತವೆ. ಆ ಪೈಪ್ ಇಲ್ಲದಿದ್ರೆ ಒಳಗೆ ನೀರು ಬರೋ ಕಡೆ ಎರಡಡಿ ಜಾಗ ಮಾತ್ರ ಅಗೆದು, ಜಲ್ಲಿ ತೊಳೆದು, ವಾಪಸ್ ಹಾಕೋವಾಗ ಆ ಪೈಪ್ ನಿಲ್ಲಿಸ್ಬಿಡಿ.

ಪಾಂಡ್‌ನ ಮಟ್ಟದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಬೇಕು, ಬೇಸಿಗೆ ಬಂದ್ರೆ ಇದೇ ಪ್ರಶ್ನೆ ಬರೋದು. ಬಾಗ್‌ನ ಮಟ್ಟ ಕೋಡಿಯಿಂದ ಕಟ್ಟುಬಿದ್ದಿರೋದ್ರಿಂದ ಆವಿಯಾಗಿ ಹೋಗಿದ್ದು, ಗಿಡ ಕುಡಿದಿದ್ದು ಎಲ್ಲಾ ಪಾಂಡ್‌ನ ಲೆಕ್ಕದಲ್ಲೇ ಕಮ್ಮಿಯಾಗುತ್ತೆ. ಏಪ್ರಿಲ್‌ನಲ್ಲಿ ನಿಮ್ಮ ಅಳತೆಗೆ ದಿನಕ್ಕೆ ಎರಡು-ಮೂರು ಕೊಡ ನೀರು ಹೋದ್ರೆ ಗಾಬರಿ ಬೇಡ. ಅದಕ್ಕಿಂತ ಬಹಳ ಜಾಸ್ತಿ ಆದ್ರೆ ಲೀಕ್ ಇರಬಹುದು, ರಾತ್ರಿ ಪಂಪ್ ನಿಲ್ಲಿಸಿ, ಬಾಗ್‌ನ ನೀರು ಪಂಪಿನ ಪೈಪಲ್ಲಿ ವಾಪಸ್ ಇಳಿಯದ ಹಾಗೆ ನೋಡ್ಕೊಂಡು (ಅದು ಹೇಗೆ ಅಂತ ಕೊನೇಲಿ ಹೇಳಿದೀನಿ) ಎರಡೂ ಕಡೆ ಗುರುತು ಹಾಕಿ, ಬೆಳಿಗ್ಗೆ ಯಾವ ಕಡೆ ಇಳಿದಿದೆಯೋ ಅಲ್ಲಿ ಲೀಕ್. ಎರಡೂ ಇಳಿದಿಲ್ಲ ಅಂದ್ರೆ ಪಂಪ್ ಓಡೋವಾಗ ಮಾತ್ರ ಅಂಚಲ್ಲಿ ಎಲ್ಲೋ ಹೊರಗೆ ಚೆಲ್ತಿದೆ. ಶೀಟ್ ಹಾಕಿರೋ ತೊಟ್ಟಿಯಾದ್ರೆ ಜಲ್ಲಿ ಅಂಚು ದಾಟಿ ಹೊರಗಿನ ಮಣ್ಣಿಗೆ ತಾಗಿದ್ರೂ ಸಾಕು, ಮಣ್ಣು ಸದ್ದಿಲ್ಲದೆ ನೀರು ಎಳ್ಕೊಳ್ತಾ ಇರುತ್ತೆ. ನೀರು ಕಮ್ಮಿಯಾದಾಗ ತಾನಾಗೇ ತುಂಬಿಸೋ ಬಾಲ್ ವಾಲ್ವ್ ಹಾಕಿಸೋದಾದ್ರೆ ಪಾಂಡ್‌ನಲ್ಲಿ ಹಾಕಿಸಿ, ಬಾಗ್‌ನಲ್ಲಿ ಅದಕ್ಕೆ ಕೆಲಸನೇ ಇರಲ್ಲ. ಕಾವೇರಿ ನೀರು ನೇರವಾಗಿ ಬಿಡೋದಾದ್ರೆ ಅದರಲ್ಲೂ ಕ್ಲೋರಿನ್ ಇರುತ್ತೆ, ಸಣ್ಣಗೆ ಬಿಡಿ, ಒಟ್ಟಿಗೆ ತುಂಬ ಬೇಡ.

ಕರೆಂಟ್ ಹೋದಾಗಿನದ್ದು ಇನ್ನೊಂದು ಕಥೆ. ಪಂಪಿನ ಪೈಪ್ ಬಾಗ್‌ನ ತಳಕ್ಕೆ ಹೋಗಿರುತ್ತಲ್ಲ, ಪಂಪ್ ನಿಂತ ಕೂಡಲೆ ಅದೇ ಪೈಪಲ್ಲಿ ನೀರು ವಾಪಸ್ ಪಾಂಡ್‌ಗೆ ಇಳಿಯೋಕೆ ಶುರು. ಜಲ್ಲಿ ನಡುವೆ ನೀರಿಗೆ ಸಿಗೋ ಜಾಗ ನೂರಕ್ಕೆ ಸುಮಾರು 40, ಅಂದ್ರೆ ನಿಮ್ಮ ಬಾಗ್‌ನಲ್ಲಿ 200 ಲೀಟರ್ ಇರುತ್ತೆ, ಅಷ್ಟೂ ಇಳಿದ್ರೆ ಪಾಂಡ್ ಒಂದೂವರೆ ಇಂಚು ಏರುತ್ತೆ. ಅಂಚಿನವರೆಗೆ ತುಂಬಿಸಿಟ್ಟಿದ್ರೆ ಹೊರಗೆ ಹೋಯ್ತು, ಕರೆಂಟ್ ಬಂದ್ಮೇಲೆ ಪಾಂಡ್ ಖಾಲಿ ಕಾಣುತ್ತೆ, ಲೀಕ್ ಅಂತ ನಾವು ಹುಡುಕ್ತಾ ಕೂರ್ತೀವಿ. ಪೈಪಿಗೆ ನೀರನ್ನ ಒಂದೇ ಕಡೆಗೆ ಬಿಡೋ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಇಲ್ಲಾಂದ್ರೆ ಪೈಪನ್ನ ಬಾಗ್‌ನ ನೀರಿಗಿಂತ ಮೇಲೆ ಎತ್ತಿ ಬಗ್ಗಿಸಿ ಅಲ್ಲಿ ಒಂದು ಸಣ್ಣ ತೂತು ಹೊಡೀರಿ, ಗಾಳಿ ಹೊಕ್ಕು ಎಳೆತ ಕಟ್ಟಾಗುತ್ತೆ. ಕರೆಂಟ್ ಐದಾರು ಗಂಟೆ ಇಲ್ಲದೆ ಬಂದ್ರೆ ಮಾತ್ರ ಬಾಗ್‌ನಿಂದ ಬರೋ ಮೊದಲ ನೀರು ಪಾಂಡ್‌ಗೆ ಬೀಳೋಕೆ ಬಿಡ್ಬೇಡಿ, ಅಷ್ಟೊತ್ತಿಗೆ ಅದರಲ್ಲಿ ಆಮ್ಲಜನಕ ಮುಗಿದಿರುತ್ತೆ. ಕೋಡಿ ಕೆಳಗೆ ಬಕೆಟ್ ಹಿಡಿದು ಮೊದಲ ನಾಲ್ಕೈದು ಬಕೆಟ್ ಬಾಳೆಗಿಡದ ಬುಡಕ್ಕೆ ಹಾಕಿ.