ಕ್ಯೂಬೊ ಬರೆಯುವಾಗ ದಂಡ ಎಷ್ಟಿರಬೇಕು?

ಕ್ವಾಂಟಮ್ ಅನೀಲರ್‌ಗೆ ನಾವು ಕಳಿಸುವುದು ಒಂದು ಗುಣಾಂಕಗಳ ಪಟ್ಟಿ, ಅಷ್ಟೇ. ಯಾವ ಬಿಟ್‌ಗೆ ಎಷ್ಟು, ಯಾವ ಜೋಡಿಗೆ ಎಷ್ಟು. ಇದೇ ಕ್ಯೂಬೊ (QUBO). ಒಟ್ಟು ಮೊತ್ತ ಅತಿ ಕಡಿಮೆಯಾಗುವಂತೆ ಪ್ರತಿ ಬಿಟ್‌ಗೆ 0 ಅಥವಾ 1 ಹುಡುಕುವುದು ಯಂತ್ರದ ಕೆಲಸ. ‘ಇವುಗಳಲ್ಲಿ ಒಂದನ್ನೇ ಆರಿಸು’ ಎಂದು ಯಂತ್ರಕ್ಕೆ ಹೇಳಲು ಬೇರೆ ಜಾಗವಿಲ್ಲ. ನಿರ್ಬಂಧವೂ ದಂಡದ ರೂಪದಲ್ಲಿ, ಅಂದರೆ ನಿಯಮ ಮುರಿದರೆ ಸೇರುವ ಹೆಚ್ಚುವರಿ ವೆಚ್ಚವಾಗಿ, ಇದೇ ಪಟ್ಟಿಯೊಳಗೆ ಸೇರಬೇಕು. ಬರುವ ಉತ್ತರ ಕೆಟ್ಟಿದ್ದರೆ ಯಂತ್ರವನ್ನು ಶಂಕಿಸುವ ಮೊದಲು ಈ ದಂಡವನ್ನು ನೋಡಿ.

ಮೂರು ಮಾರ್ಗಗಳಿವೆ, ವೆಚ್ಚ 4, 7, 9. ಒಂದನ್ನೇ ಆರಿಸಬೇಕು. ಪ್ರತಿ ಮಾರ್ಗಕ್ಕೆ ಒಂದು ಬಿಟ್: ಆರಿಸಿದರೆ 1, ಇಲ್ಲದಿದ್ದರೆ 0. ಮೂರು ಬಿಟ್‌ಗಳ ಮೊತ್ತದಿಂದ 1 ಕಳೆದು, ವರ್ಗ ಮಾಡಿ, ದಂಡದ ತೂಕದಿಂದ ಗುಣಿಸಿ. ಆ ತೂಕವನ್ನು ‘ದ’ ಎನ್ನೋಣ. ಬಿಟ್‌ನ ಬೆಲೆ 0 ಅಥವಾ 1 ಆದ್ದರಿಂದ ಅದರ ವರ್ಗವೂ ಅದೇ. ಬಿಡಿಸಿದಾಗ ಪ್ರತಿ ಬಿಟ್‌ಗೆ −ದ, ಪ್ರತಿ ಜೋಡಿಗೆ +2ದ, ಕೊನೆಯಲ್ಲಿ ಸ್ಥಿರಾಂಕ +ದ ಸಿಗುತ್ತದೆ. ಸ್ಥಿರಾಂಕ ಉತ್ತರವನ್ನು ಬದಲಿಸುವುದಿಲ್ಲ, ಆದರೂ ಬಿಡಬೇಡಿ. ಬಿಟ್ಟರೆ ಬರುವ ಶಕ್ತಿಯ ಅಂಕಿ (ಯಂತ್ರ ಕೊಡುವ ಒಟ್ಟು ಮೊತ್ತ) ನಿಮ್ಮ ವೆಚ್ಚಕ್ಕೆ ತಾಳೆಯಾಗದು.

ಈಗ ದ = 3 ಇಡಿ. ಏನನ್ನೂ ಆರಿಸದಿದ್ದರೆ ದಂಡ 3. ಅತಿ ಅಗ್ಗದ ಮಾರ್ಗಕ್ಕೇ 4. ಸೊನ್ನೆಗಳ ಉತ್ತರ ಬರುತ್ತದೆ, ಲೆಕ್ಕದ ಪ್ರಕಾರ ಅದು ಸರಿಯೇ. ಹಾಗಾದರೆ 1000 ಇಟ್ಟುಬಿಡೋಣ ಅನ್ನಿಸುತ್ತದೆ. ಇದು ಇನ್ನೂ ಕೆಟ್ಟದ್ದು, ಏಕೆಂದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಯಂತ್ರಕ್ಕೆ ಹೋಗುವಾಗ ಕ್ಯೂಬೊ ಐಸಿಂಗ್ ರೂಪಕ್ಕೆ, ಅಂದರೆ 0 ಮತ್ತು 1ರ ಬದಲು −1 ಮತ್ತು +1 ಬಳಸುವ ರೂಪಕ್ಕೆ, ತಿರುಗುತ್ತದೆ: ಜೋಡಿಯ ಗುಣಾಂಕ ನಾಲ್ಕನೇ ಒಂದು ಭಾಗವಾಗಿ 500 ಆಗುತ್ತದೆ, 4 ಮತ್ತು 7ರ ನಡುವಿನ ಅಂತರ ಅರ್ಧವಾಗಿ 1.5 ಆಗುತ್ತದೆ. ಜೋಡಿಯ ಬಲ 1ಕ್ಕೆ ಇಳಿಯುವಂತೆ ಎಲ್ಲವನ್ನೂ ಕುಗ್ಗಿಸಿದಾಗ ಆ ಅಂತರ 0.003. ಅನಲಾಗ್ ಹಾರ್ಡ್‌ವೇರ್‌ನ ಗದ್ದಲದಲ್ಲಿ ಇದು ಮುಳುಗಿಹೋಗುತ್ತದೆ. 4, 7, 9 ಮೂರೂ ಹೆಚ್ಚುಕಡಿಮೆ ಸಮನಾಗಿ ಬರತೊಡಗುತ್ತವೆ. ದ = 10 ಆದರೆ ಅದೇ ಅಂತರ 0.3. ನಿಯಮ ಮುರಿದ ಯಾವ ಉತ್ತರವೂ 9ಕ್ಕಿಂತ ಅಗ್ಗವಾಗದು, ವೆಚ್ಚದ ವ್ಯತ್ಯಾಸವೂ ಉಳಿಯುತ್ತದೆ.

‘ಮೀರಬಾರದು’ ಎಂಬ ನಿರ್ಬಂಧಕ್ಕೆ ಉಳಿಕೆ ಬಿಟ್‌ಗಳು ಬೇಕು, ಅಂದರೆ ಮಿತಿಗೆ ಇನ್ನೆಷ್ಟು ಬಾಕಿ ಎಂಬುದನ್ನು ತುಂಬುವ ಹೆಚ್ಚುವರಿ ಬಿಟ್‌ಗಳು. ಮಿತಿ 13 ಇದ್ದರೆ 1, 2, 4, 8ರ ಬದಲು 1, 2, 4, 6 ಬಳಸಿ. 0ಯಿಂದ 13ರವರೆಗೆ ಎಲ್ಲವೂ ಸಿಗುತ್ತವೆ, ವರ್ಗದಲ್ಲಿ 64ರ ಜಾಗಕ್ಕೆ 36 ಬರುತ್ತದೆ. ಮೇಲೆ ಹೇಳಿದ ಕುಗ್ಗುವಿಕೆಯಲ್ಲಿ ಈ ಉಳಿತಾಯ ದೊಡ್ಡದು.

ಕೋಡ್‌ನಲ್ಲಿ ಪದೇ ಪದೇ ಕಾಣುವ ಇನ್ನೊಂದು ತಪ್ಪು: ಒಂದೇ ಜೋಡಿಯ ಎರಡು ಬರಹಗಳಾದ (0,1) ಮತ್ತು (1,0) ಎರಡಕ್ಕೂ ಪೂರ್ತಿ ಗುಣಾಂಕ ಬರೆಯುವುದು. ಲೈಬ್ರರಿ ಎರಡನ್ನೂ ಕೂಡಿಸಿಕೊಂಡರೆ ದಂಡ ಇಮ್ಮಡಿ. ಲೂಪ್‌ನಲ್ಲಿ ಎರಡನೆಯ ಸೂಚ್ಯಂಕ ಯಾವಾಗಲೂ ಮೊದಲನೆಯದಕ್ಕಿಂತ ದೊಡ್ಡದಿರಲಿ.

ಕ್ಲೌಡ್‌ಗೆ ಕಳಿಸುವ ಮುನ್ನ ಸಮಸ್ಯೆಯ ಪುಟ್ಟ ಪ್ರತಿಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಬಿಡಿಸಿ. 20 ಬಿಟ್ ಎಂದರೆ 10,48,576 ಸಾಧ್ಯತೆಗಳು. ಅನೀಲರ್ ತಯಾರಿಸುವ ಡಿ-ವೇವ್ ಕಂಪನಿಯ ಓಷನ್ ತಂತ್ರಾಂಶದಲ್ಲಿರುವ ಎಕ್ಸಾಕ್ಟ್‌ಸಾಲ್ವರ್‌ನಂಥದ್ದು ಎಲ್ಲವನ್ನೂ ಎಣಿಸಿ ನೋಡುತ್ತದೆ. ಅಲ್ಲೇ ಉತ್ತರ ತಪ್ಪಿದರೆ ದೋಷ ನಿಮ್ಮ ಗುಣಾಂಕದ್ದು. ಅಲ್ಲಿ ಸರಿಯಿದ್ದು ಯಂತ್ರದಲ್ಲಿ ತಪ್ಪಿದರೆ ಸರಪಳಿಗಳನ್ನು ನೋಡಿ. ಡಿ-ವೇವ್‌ನ ಕೆಲವು ಯಂತ್ರಗಳಲ್ಲಿರುವ ಪೆಗಸಸ್ ಜಾಲದಲ್ಲಿ ಒಂದು ಕ್ಯೂಬಿಟ್‌ಗೆ (ಯಂತ್ರದೊಳಗಿನ ಭೌತಿಕ ಬಿಟ್‌ಗೆ) ಹೆಚ್ಚೆಂದರೆ 15 ನೆರೆಯವರು. ಅದಕ್ಕಿಂತ ಹೆಚ್ಚು ಸಂಬಂಧವಿರುವ ಬಿಟ್ ಹಲವು ಕ್ಯೂಬಿಟ್‌ಗಳ ಸರಪಳಿಯಾಗುತ್ತದೆ. ಆ ಸರಪಳಿಯ ಬಲಕ್ಕೂ ದಂಡದ್ದೇ ಲೆಕ್ಕ: ಕಡಿಮೆಯಾದರೆ ತುಂಡಾಗುತ್ತದೆ, ಅತಿಯಾದರೆ ಸಮಸ್ಯೆಯನ್ನೇ ಕುಗ್ಗಿಸುತ್ತದೆ.