ಮತಗಟ್ಟೆಯಲ್ಲಿ ಬಿದ್ದ ಮತವೇ ಎಣಿಕೆಯ ಮೇಜಿಗೆ ಬಂದಿತೆಂದು ತಿಳಿಯುವುದು ಹೇಗೆ?

ಪ್ರಶ್ನೆ: ಮತದಾನ ಮುಗಿದ ಮೇಲೆ ಯಂತ್ರಗಳು ದಿನಗಟ್ಟಲೆ ಸ್ಟ್ರಾಂಗ್ ರೂಮಿನಲ್ಲಿರುತ್ತವೆ. ನಡುವೆ ಏನೂ ಬದಲಾಗಿಲ್ಲ ಎಂದು ನಂಬಲು ಏನು ಆಧಾರ?

ಉತ್ತರ: ಮುಖ್ಯ ಆಧಾರ 17ಸಿ ಎಂಬ ನಮೂನೆ. ಸರದಿಯಲ್ಲಿ ನಿಂತಿದ್ದ ಕೊನೆಯ ಮತದಾರರು ಮತ ಹಾಕಿದ ನಂತರ ಮತಗಟ್ಟೆ ಅಧ್ಯಕ್ಷಾಧಿಕಾರಿ ಮತಗಳು ದಾಖಲಾಗುವ ಕಂಟ್ರೋಲ್ ಯೂನಿಟ್‌ನ ‘ಕ್ಲೋಸ್’ ಗುಂಡಿ ಒತ್ತುತ್ತಾರೆ. ಆಮೇಲೆ ಆ ಯಂತ್ರ ಮತ ಸ್ವೀಕರಿಸುವುದಿಲ್ಲ. ಅದರಲ್ಲಿ ದಾಖಲಾದ ಒಟ್ಟು ಮತ, ಯಂತ್ರದ ಗುರುತಿನ ಸಂಖ್ಯೆ, 17ಎ ವಹಿಯಲ್ಲಿ ನಮೂದಾದ ಮತದಾರರ ಸಂಖ್ಯೆ, ಸಹಿ ಹಾಕಿಯೂ ಮತ ಹಾಕದೆ ಹಿಂದಿರುಗಿದವರ ಸಂಖ್ಯೆ, ಕಾಗದದ ಮೊಹರುಗಳ ವಿವರ, ಇವೆಲ್ಲವನ್ನೂ 17ಸಿಯ ಮೊದಲ ಭಾಗದಲ್ಲಿ ಬರೆಯಲಾಗುತ್ತದೆ. 1961ರ ಚುನಾವಣಾ ನಿರ್ವಹಣಾ ನಿಯಮಗಳ 49ಎಸ್ ನಿಯಮದಂತೆ, ಆ ಹೊತ್ತಿಗೆ ಹಾಜರಿರುವ, ಅಭ್ಯರ್ಥಿಗಳ ಪರವಾಗಿ ಮತಗಟ್ಟೆಯಲ್ಲಿ ಕೂರುವ ಪ್ರತಿಯೊಬ್ಬ ಏಜೆಂಟರಿಗೂ ಅದರ ದೃಢೀಕೃತ ಪ್ರತಿಯನ್ನು ಕೊಟ್ಟು ಸ್ವೀಕೃತಿ ಪಡೆಯಬೇಕು.

‘ಹಾಜರಿರುವ’ ಎಂಬುದೇ ಇಲ್ಲಿ ತೊಡಕು. ಯಂತ್ರವನ್ನು ಪರೀಕ್ಷಿಸಲು ನಡೆಸುವ ಬೆಳಗಿನ ಅಣಕು ಮತದಾನಕ್ಕೆ ಉತ್ಸಾಹದಿಂದ ಬಂದ ಏಜೆಂಟರು ಮಧ್ಯಾಹ್ನದ ಊಟಕ್ಕೆ ಎದ್ದುಹೋಗಿ ಮರಳದಿದ್ದರೆ, ಅವರ ಪಕ್ಷದ ಕೈಯಲ್ಲಿ ಆ ಮತಗಟ್ಟೆಯ ಲೆಕ್ಕವೇ ಉಳಿಯುವುದಿಲ್ಲ. ಯಂತ್ರದ ಮೇಲೆ ಅನುಮಾನ ವ್ಯಕ್ತಪಡಿಸುವ ಪಕ್ಷಗಳು ಮೊದಲು ತಮ್ಮ ಏಜೆಂಟರನ್ನು ಕೊನೆಯವರೆಗೆ ಕೂರಿಸುವುದು ಒಳ್ಳೆಯದು. ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಮೊತ್ತವನ್ನು ಈ ಪ್ರತಿಯೊಂದಿಗೆ ತಾಳೆ ನೋಡಬೇಕಾದವರು ಅವರ ಎಣಿಕೆ ಏಜೆಂಟರೇ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ಒಂದೇ ಒಂದು ಮತದ ಅಂತರದಿಂದ ನಿರ್ಧಾರವಾಯಿತು. ಅಂಥ ಕಡೆ ಒಂದು ಮತಗಟ್ಟೆಯ ಹಾಳೆಯೂ ಸಣ್ಣದಲ್ಲ.

17ಸಿಯ ಮೊದಲ ಭಾಗ ಒಟ್ಟು ಮತಗಳನ್ನಷ್ಟೇ ಹೇಳುತ್ತದೆ. ಯಾರಿಗೆ ಎಷ್ಟು ಬಿದ್ದಿತೆಂಬುದನ್ನು ಪರೀಕ್ಷಿಸಲು ವಿವಿಪ್ಯಾಟ್ ಚೀಟಿಗಳಿವೆ, ಅಂದರೆ ಪ್ರತಿ ಮತ ಬಿದ್ದಾಗಲೂ ಯಂತ್ರಕ್ಕೆ ಜೋಡಿಸಿದ ಮುದ್ರಕ ಅಚ್ಚು ಹಾಕುವ ಕಾಗದದ ಚೀಟಿಗಳು. 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಮೂಲಕ ಆರಿಸಿದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಲಾಗುತ್ತದೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಕೋರಿಕೆಯನ್ನು 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯ ತಳ್ಳಿಹಾಕಿತಾದರೂ, ಎರಡನೇ ಮತ್ತು ಮೂರನೇ ಸ್ಥಾನ ಪಡೆದ ಅಭ್ಯರ್ಥಿಗಳು ಫಲಿತಾಂಶದ ಏಳು ದಿನಗಳೊಳಗೆ ಅರ್ಜಿ ಕೊಟ್ಟು, ವೆಚ್ಚ ಭರಿಸಿ, ಶೇ. 5ರಷ್ಟು ಯಂತ್ರಗಳನ್ನು ಪರಿಶೀಲನೆಗೆ ಒಳಪಡಿಸಲು ಅವಕಾಶ ನೀಡಿತು.

ಇಷ್ಟೆಲ್ಲದರಲ್ಲಿ ಸಾಮಾನ್ಯ ಮತದಾರರಿಗೆ ನೇರ ಪಾತ್ರವಿಲ್ಲ. ನಮೂನೆಯ ಪ್ರತಿ ಸಿಗುವುದು ಏಜೆಂಟರಿಗೆ ಮಾತ್ರ. ಅದನ್ನು ಜಾಲತಾಣದಲ್ಲಿ ಪ್ರಕಟಿಸುವಂತೆ ಕೋರಿದ ಅರ್ಜಿಯ ಮೇಲೆ 2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆ ನಡೆಯುತ್ತಿರುವಾಗಲೇ, ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಲು ಒಪ್ಪಲಿಲ್ಲ. ಮರುದಿನವೇ ಚುನಾವಣಾ ಆಯೋಗ ಕ್ಷೇತ್ರವಾರು ಮತಗಳ ಸಂಖ್ಯೆಯನ್ನು ಪ್ರಕಟಿಸಿತು, ಆದರೆ ಮತಗಟ್ಟೆವಾರು ಹಾಳೆಗಳನ್ನಲ್ಲ. ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಗೆ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಅಷ್ಟೂ ಹಾಳೆಗಳು ಹೇಗೂ ಯಂತ್ರಗಳ ಜತೆಗೇ ಚುನಾವಣಾಧಿಕಾರಿಗಳ ಕೈಸೇರುತ್ತವೆ. ಅಲ್ಲಿಯೇ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ತೆರೆದಿಡುವುದು ಆಯೋಗಕ್ಕೆ ಹೊರೆಯಾಗುವ ಕೆಲಸವೆಂದು ನನಗೆ ಅನ್ನಿಸುವುದಿಲ್ಲ.